ಸುಗತನ್ ಚೇಟನ ಸರದಿ

ಲೈಟು ಹೋದದ್ದು ಒಳ್ಳೇದೇ ಆಯ್ತು. ಈ ಸಂಗತಿ ಹೇಳಲಿಕ್ಕೆ ಕತ್ತಲೇ ಸರಿ. ನಗುವವರು ಈಗಲೇ ನಕ್ಕು ಮುಗಿಸಿ, ಮಧ್ಯದಲ್ಲಿ ಕಿಸಕ್ಕೆಂದರೆ ನಾನು ಎದ್ದು ಹೋಗ್ತೇನೆ. ಇದು ಅವರಿವರು ಹೇಳಿದ್ದಲ್ಲ. ನಮ್ಮ ವಿಳಿಂಜಂ ಬಂದರಿನಲ್ಲಿ, ನಮ್ಮ ಗೋಡೆಗೆ ಗೋಡೆ ತಾಗಿದ ಮನೆಯ ಸೆಲಿನ್‌ಗೆ ಆದದ್ದು.

ಐಸ್ ಫ್ಯಾಕ್ಟರಿ ಹಿಂದೆ ಬಾವಿ ಇದೆಯಲ್ಲ... ಅದರ ಪಕ್ಕದಿಂದ ಒಬ್ಬಳೇ ಮನೆಗೆ ಬರ್ತಿದ್ದಳು. ಹೊತ್ತು ಮೀರಿತ್ತು. ಗಾಳಿ ಏಳ್ತಿತ್ತು. ಬಾವಿಯ ರಾಟೆ ಕಿರ್ರ್... ಕಿರ್ರ್... ಅಂತಿತ್ತು. ಅವಳ ಹೆಗಲ ಚೀಲದೊಳಗೆ ಒಂದು ಪೆಟ್ಟಿಗೆ. ಬೆಳಗಿನ ತನಕ ಓಡುತ್ತದೋ ಇಲ್ಲವೋ ನೋಡೋಣ ಅಂತ ಮನೆಗೆ ಒಯ್ಯುತ್ತಿದ್ದಳು. ಅದು ತನ್ನ ಪಾಡಿಗೆ ಟಿಕ್, ಟಿಕ್, ಟಿಕ್... ಟಿಕ್, ಟಿಕ್, ಟಿಕ್...

ಪೆಟ್ಟಿಗೆ ಅಂದರೆ ನಮ್ಮ ದೋಣಿಯವರ ಪ್ರಾಣ. ಕಡಲಲ್ಲಿ ಕಷ್ಟ ಬಂದರೆ ಕೆಂಪು ಗುಂಡಿ ಒತ್ತಬೇಕು. ದೋಣಿ ಎಲ್ಲಿದೆ ಅಂತ ಬಂದರಿನ ಸಂಘದ ಕೋಣೆಗೆ ಕೂಗು ಬರ್ತದೆ. ಬಲೆ ಅಂಗಡಿಯ ಮಹಡಿಯಲ್ಲಿ ಅದನ್ನು ಮಾಡುವವರು ಇಬ್ಬರೇ ಇದ್ದರು. ನಾವೆಲ್ಲ ಚೇಟ, ಅಂದರೆ ಅಣ್ಣ, ಅಂತ ಕರೆಯುತ್ತಿದ್ದ ಸುಗತನ್, ಅವರ ಕೈಕೆಳಗೆ ಸೆಲಿನ್.

ಒಳಗೆ ಇರುವುದು ಒಂದೇ ಒಂದು ಚಿಪ್. ಕೆಲಸ ಮೂರು. ಒಂದು, ದೋಣಿಯ ಜಾಗ ಎಲ್ಲಿ ಅಂತ ಆಕಾಶದ ಉಪಗ್ರಹಗಳನ್ನು ಕೇಳ್ತದೆ, ಒಂದು ಗುಂಡಿ ಕಾಯ್ತದೆ, ಒಂದು ಕೂಗು ಹಾಕ್ತದೆ. ಚಿಪ್ಪಿನಲ್ಲಿ ಒಂದು ಸಲಕ್ಕೆ ಒಬ್ಬನಿಗೇ ಜಾಗ, ಆದರೆ ಯಾರೂ ಯಾರನ್ನೂ ಕತ್ತು ಹಿಡಿದು ಎಬ್ಬಿಸುವುದಿಲ್ಲ. ಕೂತವನೇ ತಾನಾಗಿ ಎದ್ದು ಸರದಿ ಬಿಟ್ಟುಕೊಡಬೇಕು. ಚಿಪ್ಪಿನಲ್ಲಿ ಒಂದಷ್ಟು ಪುಟ್ಟ ಗೂಡುಗಳು. ಏಳುವವನು ಗೂಡುಗಳಲ್ಲಿನ ತನ್ನ ಸಾಮಾನನ್ನೆಲ್ಲ ಗಂಟು ಕಟ್ಟಿಡಬೇಕು, ಬರುವವನು ತನ್ನ ಗಂಟು ಬಿಚ್ಚಿ ಗೂಡು ತುಂಬಿಕೊಳ್ಳಬೇಕು. ಆ ಕಟ್ಟುವ, ಬಿಚ್ಚುವ ಸಾಲುಗಳನ್ನು ಚಿಪ್ಪಿನದೇ ಭಾಷೆಯಲ್ಲಿ, ಅಸೆಂಬ್ಲಿಯಲ್ಲಿ, ಕೈಯಾರೆ ಬರೆಯಬೇಕು. ಸುಗತನ್ ಚೇಟ ಅದರಲ್ಲಿ ಎತ್ತಿದ ಕೈ. ಮೇಜಿನ ಮೇಲಿಟ್ಟು ಪರೀಕ್ಷೆ ಮಾಡುವ ಪೆಟ್ಟಿಗೆಗೆ ಒಂದು ಸದ್ದಿನ ಬಿಲ್ಲೆ ಅಂಟಿಸಿದ್ದರು. ಸರದಿ ಬದಲಾದಾಗಲೆಲ್ಲ ಟಿಕ್.

"ಕಣ್ಣು ಮೋಸ ಮಾಡ್ತದೆ ಮೋಳೇ, ಕಿವಿ ಮಾಡಲ್ಲ," ಅಂತ ಸ್ವಂತ ಮಗಳಿಗೆ ಹೇಳುವ ಹಾಗೆ ಹೇಳ್ತಿದ್ದರು.

ಅವರದೂ ಒಂದು ಸದ್ದಿತ್ತು. ತಮ್ಮ ಕೆಲಸ ಮುಗಿದರೆ ಉಂಗುರ ತೊಟ್ಟ ಬೆರಳಿಂದ ಮೇಜಿಗೆ ಒಂದು ಏಟು. ಟೊಕ್. "ಇನ್ನು ನಿನ್ನ ಸರದಿ." ಕೊನೆಯ ಸಂಜೆಯೂ ಹಾಗೇ ಮಾಡಿ, ಬೀಡಿ ಸೇದಿ ಬರ್ತೇನೆ ಅಂತ ಇಳಿದು ಹೋದರು. ಆ ಬಾವಿಕಟ್ಟೆಯ ಮೇಲೆ ಕೂತರಂತೆ. ಬೆಳಿಗ್ಗೆ ನೋಡಿದರೆ ಕೂತ ಹಾಗೇ ಇದ್ದಾರೆ... ತಣ್ಣಗೆ. ಬೀಡಿ ಕಿವಿಯ ಮೇಲೇ ಇತ್ತು, ಹಚ್ಚಿರಲಿಲ್ಲ.

ಅವರು ಹೋದ ಮೇಲೆ ಹಳೆಯ ಚಿಪ್ ಪೇಟೆಗೆ ಬರುವುದು ನಿಂತಿತು. ಹೊಸದಕ್ಕೆ ಒಂದು ಗೂಡು ಹೆಚ್ಚು. ಆ ಸಾಲುಗಳನ್ನೆಲ್ಲ ಸೆಲಿನ್ ಒಬ್ಬಳೇ ಹೊಸದಾಗಿ ಬರೆದಳು. ಮೊದಲ ಪೆಟ್ಟಿಗೆ ಹೋದದ್ದು ಅವಳ ತಮ್ಮ ಡೆನ್ಸನ್‌ನ ದೋಣಿಗೇ. ಅವತ್ತು ಮಧ್ಯಾಹ್ನವಷ್ಟೇ ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಇನ್ನಿಬ್ಬರ ಜೊತೆ ಕಡಲಿಗಿಳಿದಿದ್ದ.

"ಚೇಚೀ, ಇದು ಕೂಗ್ತದೋ, ಇಲ್ಲ ನಿನ್ನ ಹಾಗೆ ಮೂತಿ ತಿರುಗಿಸಿಕೊಂಡು ಕೂತಿರ್ತದೋ?"

"ಎಡಾ, ನೀನು ನೆಟ್ಟಗೆ ದೋಣಿ ನಡೆಸು. ಕೂಗೋ ಪ್ರಮೇಯವೇ ಬರಲ್ಲ."

ಅದೇ ರಾತ್ರಿ, ಅದೇ ಸಾಲುಗಳಿದ್ದ ಪರೀಕ್ಷೆಯ ಪೆಟ್ಟಿಗೆ ಚೀಲದಲ್ಲಿಟ್ಟುಕೊಂಡು ಅವಳು ಬಾವಿಯ ಹತ್ತಿರ ಬಂದದ್ದು.

ಟಿಕ್, ಟಿಕ್, ಟಿಕ್... ಟೊಕ್.

ನಿಂತಳು. ಚೀಲ ಕಿವಿಗೆ ಹಿಡಿದಳು. ಪೆಟ್ಟಿಗೆಯಲ್ಲಿ ಇರುವುದು ಮೂರೇ ಕೆಲಸ, ಮೂರೇ ಟಿಕ್. ನಾಲ್ಕನೆಯದು ಚೀಲದೊಳಗಿಂದ ಬರಲಿಲ್ಲ. ಬೆನ್ನ ಹಿಂದಿನಿಂದ ಬಂತು... ಕಟ್ಟೆಯ ಕಡೆಯಿಂದ.

"ಸೆಲಿನೇ..."

ತಿರುಗಲಿಲ್ಲ ಅವಳು. "ಯಾ... ಯಾರು?"

"ಕೊನೇ ಗೂಡಿನ ಸಾಮಾನು... ಎಲ್ಲಿಟ್ಟೆ?"

ರಾಟೆ ಕೂಡ ಸುಮ್ಮನಾಯಿತಂತೆ. ಅಷ್ಟೇ ಮಾತು. ಅವಳು ಮನೆಗೆ ಬರಲಿಲ್ಲ, ಬಂದ ದಾರಿಯಲ್ಲೇ ಓಡಿದಳು. ಮಹಡಿ ಹತ್ತಿ, ದೀಪ ಹಾಕಿ, ಬರೆದದ್ದನ್ನು ತೆಗೆದು ನೋಡಿದರೆ... ಅಯ್ಯೋ ದೇವರೇ! ಕಟ್ಟಿಡುವ ಕಡೆ ಕೊನೆಯ ಗೂಡಿನ ಸಾಲೇ ಇಲ್ಲ. ಬಿಚ್ಚುವ ಕಡೆಯೂ ಇಲ್ಲ. ಹಳೆಯ ಚಿಪ್ಪಿನ ಅಭ್ಯಾಸದ ಕೈ, ಒಂದು ಗೂಡು ಮೊದಲೇ ನಿಂತುಬಿಟ್ಟಿತ್ತು.

ಯಾವಾಗಲೂ ಕೆಡುವ ತಪ್ಪಾಗಿದ್ದರೆ ಪರೀಕ್ಷೆಯಲ್ಲೇ ಸಿಕ್ಕಿಬೀಳ್ತಿತ್ತು. ಇದು ಒಮ್ಮೊಮ್ಮೆ ಕಚ್ಚುವ ಹಾವು. ಗುಂಡಿ ಒತ್ತಿದ್ದಾರೆ ಅನ್ನುವ ನೆನಪು ಆ ಗೂಡಿನಲ್ಲಿ ಕೂತಿರುವಾಗಲೇ ಸರದಿ ಬದಲಾದರೆ ಮುಗೀತು, ಬಂದವನು ಅದರ ಮೇಲೆ ತನ್ನದನ್ನು ತುರುಕಿಬಿಡ್ತಾನೆ. ಚೀಲದ ಪೆಟ್ಟಿಗೆಯನ್ನು ಮೇಜಿಗಿಟ್ಟು, ಸಂಘದ ಕೋಣೆಗೆ ಕೂಗು ಮುಟ್ಟದ ಹಾಗೆ ಆಂಟೆನಾ ಕಳಚಿ, ಕೆಂಪು ಗುಂಡಿ ಒತ್ತಿದಳು. ದೀಪ ಹತ್ತಿತು, ಕೂಗಿತು. ಮತ್ತೆ ಒತ್ತಿದಳು. ಕೂಗಿತು. ಒತ್ತುತ್ತಲೇ ಇದ್ದಳು... ಒಂದು ಸಲ ಒತ್ತಿದಾಗ ಏನೂ ಆಗಲಿಲ್ಲ. ಟಿಕ್, ಟಿಕ್, ಟಿಕ್ ಅಂತ ಮೂರೂ ತಮ್ಮ ಪಾಡಿಗೆ ನಡೆದಿದ್ದವು, ಯಾರೂ ಗುಂಡಿ ಮುಟ್ಟೇ ಇಲ್ಲ ಅನ್ನುವ ಹಾಗೆ.

ಆ ಸಾಲು ಸೇರಿಸುವುದು ಎರಡು ನಿಮಿಷದ ಕೆಲಸ. ಆದರೆ ತಂತಿ ಚುಚ್ಚದೆ ಪೆಟ್ಟಿಗೆಗೆ ಅದು ಇಳಿಯುವುದಿಲ್ಲ. ಡೆನ್ಸನ್‌ನ ಪೆಟ್ಟಿಗೆ ನಡುಗಡಲಲ್ಲಿತ್ತು. ಫೋನು ಅಷ್ಟು ದೂರ ಮುಟ್ಟುವುದಿಲ್ಲ.

ಬಂದರಿಗೆ ಓಡಿದಳು. ಸಂಘದ ಕೋಣೆಯ ಕಾವಲಿಗೆ ಮುದುಕ ಅಲೋಷಿ ಇದ್ದ, ಮುಂದೆ ಹಾಲಿಲ್ಲದ ಕಟ್ಟನ್ ಚಾಯದ ಲೋಟ.

"ಅಪ್ಪಚ್ಚಾ, ಡೆನ್ಸನ್ ಕೂಗಿದನಾ?"

"ಇಲ್ಲ. ಕೂಗದಿದ್ದರೆ ಒಳ್ಳೇದಲ್ವಾ ಮೋಳೇ?"

"ಪೆಟ್ಟಿಗೆ ಕೆಟ್ಟಿದೆ. ನನ್ನ ಕೈ ತಪ್ಪು. ದೋಣಿ ಕಳಿಸಿ!"

ಮುದುಕ ಕಪ್ಪು ಕಡಲ ಕಡೆ ನೋಡಿದ. "ಕಳಿಸ್ತೇನೆ. ಎಲ್ಲಿಗೆ ಅಂತ ಹೇಳು."

ಗಾಳಿ ಆಗಲೇ ಮಾಡಿನ ಶೀಟುಗಳನ್ನು ಧಡ್ ಧಡ್ ಅಂತ ಎತ್ತಿ ಬಡಿಯುತ್ತಿತ್ತು.

ಆಗ ಅವಳು ಮಾಡಿದ ಕೆಲಸ ನೋಡಿ... ನಾನಾಗಿದ್ದರೆ ಬಟ್ಟೆಯಲ್ಲೇ ಉಚ್ಚೆ ಹೊಯ್ಕೊಳ್ತಿದ್ದೆ. ಸೀದಾ ಬಾವಿಗೆ ಹೋದಳು. ಕಟ್ಟೆಯ ಮೇಲೆ ಯಾರೂ ಇಲ್ಲ. ಇಲ್ಲದ ಜಾಗದಿಂದ ಬೀಡಿ ಎಲೆಯ ವಾಸನೆ, ಹಚ್ಚದ ಬೀಡಿಯದು. ಅಳುತ್ತಾ ಪಿಸುಗುಟ್ಟಿದಳು.

"ಚೇಟಾ, ತಪ್ಪಾಯ್ತು. ಆ ಕೊನೇ ಗೂಡು ನೀವು ಕಾಯಿರಿ. ನನ್ನ ಕೈಗೆ ಎಟುಕಲ್ಲ ಅದು."

ಗಾಳಿ. ರಾಟೆ ಕಿರ್ರ್...

ಅವಳಿಗೆ ಹೊಳೆಯಿತು. ಸರದಿ ಇದ್ದದ್ದು ಅವಳ ಹತ್ತಿರ. ಆ ಸಂಜೆ ಅವರು ಕೊಟ್ಟು ಹೋದದ್ದನ್ನು ಇವಳು ಹಿಂದಕ್ಕೆ ಕೊಟ್ಟೇ ಇರಲಿಲ್ಲ. ಕೊಡದೆ ಅವರು ಕೆಲಸಕ್ಕೆ ಕೂರುವುದು ಹೇಗೆ? ಬೆರಳು ಮಡಚಿ ಕಟ್ಟೆಯ ಕಲ್ಲಿಗೆ ಒಂದು ಏಟು ಹಾಕಿದಳು.

"ಸುಗತನ್ ಚೇಟಾ... ಇನ್ನು ನಿಮ್ಮ ಸರದಿ."

ಬೀಡಿ ವಾಸನೆ ಹೋಯ್ತು. ಒಮ್ಮೆಗೇ, ಯಾರೋ ಎದ್ದು ಹೋದ ಹಾಗೆ.

ಸ್ವಲ್ಪ ಹೊತ್ತಿಗೆ ಬಂದರಿನ ಸೈರನ್ ಊಂ... ಅಂತ ಕೂಗಿತು. ನಾನೂ ಹಾಸಿಗೆಯಿಂದ ಎದ್ದು ಓಡಿದವನೇ. ಕೂಗು ಡೆನ್ಸನ್‌ನದು, ಜಾಗ ಸಮೇತ ಬಂದಿತ್ತು. ಬೆಳಗಾಗುವಷ್ಟರಲ್ಲಿ ಮೂವರನ್ನೂ ತಂದರು. ದೋಣಿ ಮಗುಚಿತ್ತಂತೆ, ಅದರ ಬೆನ್ನು ಹಿಡಿದು ನೇತಾಡ್ತಿದ್ದರಂತೆ. ಸೆಲಿನ್ ತಮ್ಮನನ್ನು ತಬ್ಬಿಕೊಂಡು, ಕೆನ್ನೆಗೆ ಎರಡು ಬಾರಿಸಿ, ಮತ್ತೆ ತಬ್ಬಿಕೊಂಡಳು.

ಹಲ್ಲು ಕಟಕಟ ಅನ್ನುತ್ತಿದ್ದರೂ ಡೆನ್ಸನ್‌ನ ಬಾಯಿ ನಿಲ್ಲಬೇಕಲ್ಲ. "ಚೇಚೀ, ಎಂಥಾ ಪೆಟ್ಟಿಗೆಯೇ ಅದು! ಒತ್ತಿದೆ, ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದೆ, ಸುಮ್ಮನೆ. ಸತ್ತೆವು ಅಂದ್ಕೊಂಡೆ. ಆಮೇಲೆ ತಾನಾಗೇ ಟಿಕ್, ಟಿಕ್, ಟಿಕ್... ಟೊಕ್ ಅಂತು. ಅಂದದ್ದೇ ದೀಪ ಹತ್ತಿತು. ಆ ಕೊನೇ ಸದ್ದು ಯಾಕೆ ಇಟ್ಟೆ? ಮೇಜಿಗೆ ಉಂಗುರ ಬಡಿದ ಹಾಗೆ."

ಸೆಲಿನ್ ಪೆಟ್ಟಿಗೆ ಇಸಕೊಂಡು ನನ್ನ ಕೈಗೆ ಟಾರ್ಚ್ ಕೊಟ್ಟಳು. ಒಂದೊಂದೇ ಸ್ಕ್ರೂ ಬಿಚ್ಚಿದಳು. ತಂತಿ ಚುಚ್ಚಿ ನೋಡಿದಳು. ಅವಳು ಬರೆದ ಸಾಲುಗಳೇ, ಹಾಗೇ ಇದ್ದವು. ಕೊನೆಯ ಗೂಡಿನ ಸಾಲು ಅಲ್ಲೂ ಇರಲಿಲ್ಲ.

ಅದು ಬಿಡಿ, ಅದು ನನಗೆ ಓದಲಿಕ್ಕೆ ಬರುವಂಥದ್ದಲ್ಲ. ಆದರೆ ಕಣ್ಣು ನನಗೂ ಇದೆ, ಟಾರ್ಚ್ ಹಿಡಿದವನು ನಾನೇ. ಬ್ಯಾಟರಿ ಉಳೀಲಿ ಅಂತ ದೋಣಿಗೆ ಕೊಡುವ ಪೆಟ್ಟಿಗೆಗೆ ಸದ್ದಿನ ಬಿಲ್ಲೆ ಹಾಕುವುದಿಲ್ಲ. ಡೆನ್ಸನ್‌ನ ಪೆಟ್ಟಿಗೆಯಲ್ಲೂ ಬಿಲ್ಲೆ ಇರಲಿಲ್ಲ.