ತೂಬಿನ ಪಕ್ಕ ಹೂತ ಹೆಬ್ಬಾವು

ಇದು ನನ್ನ ಚಿಕ್ಕಪ್ಪನ ಮಗ ಚೆಲುವರಾಜುಗೆ ಆದದ್ದು. ಅವನು ಕುಡಿಯುವವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ.

ಎರಡು ವರ್ಷದ ಹಿಂದೆ, ರಾತ್ರಿ ಹನ್ನೊಂದು ದಾಟಿತ್ತು. ಅವನು ವೀರನಹೊಸಹಳ್ಳಿ ಕಡೆಯ ನಮ್ಮ ಕೆರೆ ಏರಿ ಮೇಲೆ ಒಬ್ಬನೇ ಮನೆಗೆ ಬರುತ್ತಿದ್ದ. ತೂಬಿನ ಹತ್ತಿರ ಒಂದು ಆಲದಮರ ಇದೆ. ಆ ಮರ ದಾಟಬೇಕು ಅನ್ನುವಷ್ಟರಲ್ಲಿ... ಕಪ್ಪೆಗಳೆಲ್ಲ ಒಟ್ಟಿಗೆ ಸುಮ್ಮನಾದವು.

ಅವನು ಯಾಕೆ ಅಲ್ಲೇ ನಿಂತುಬಿಟ್ಟ ಅಂತ ತಿಳಿಯಬೇಕಾದರೆ ಆ ದಿನದ ಮಧ್ಯಾಹ್ನ ನಡೆದದ್ದನ್ನು ಹೇಳಬೇಕು.

ಚೆಲುವರಾಜು ಹಾವು ಗುರುತಿಸುತ್ತಾನೆ. ಫೋನಿನಲ್ಲಿ ಫೋಟೊ ಕಳಿಸಿದರೆ ಸಾಕು, ಇದು ಕೊಳಕುಮಂಡಲ, ಇದು ಹೆಬ್ಬಾವಿನ ಮರಿ ಅಂತ ಹೇಳುತ್ತಾನೆ. ಎರಡಕ್ಕೂ ಮಚ್ಚೆ ಇರುತ್ತೆ. ಕೊಳಕುಮಂಡಲದ್ದು ಸರಪಳಿಯ ಹಾಗೆ ಸಾಲಾಗಿ, ದುಂಡಗೆ. ಹೆಬ್ಬಾವಿನದು ಕಂಬಳಿಗೆ ಹಾಕಿದ ತೇಪೆಯ ಹಾಗೆ ಅಡ್ಡಾದಿಡ್ಡಿ. ಒಂದು ಹೆಬ್ಬಾವಿನ ತೇಪೆ ಇನ್ನೊಂದರದನ್ನು ಹೋಲುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ.

ಆ ಮಧ್ಯಾಹ್ನ ಕಾಡಂಚಿನ ಹಾಡಿಯ ದೊಡ್ಡಬೊಮ್ಮ ಹಾಕಿದ್ದ ಮೀನಿನ ಬಲೆಗೆ ಹನ್ನೊಂದು ಅಡಿ ಹೆಬ್ಬಾವು ಸಿಕ್ಕಿತ್ತು. ನೀರಿನೊಳಗೇ ಸುತ್ತಿಕೊಂಡಿತ್ತು. ಚೆಲುವರಾಜು ದಡಕ್ಕೆ ಎಳೆದು ಬಲೆ ಕತ್ತರಿಸಿದ. ಕುತ್ತಿಗೆಯನ್ನು ಕೊರೆದು ಒಳಗಿಳಿದಿದ್ದ ಬಲೆಯ ಒಂದು ನೀಲಿ ದಾರ ಮಾತ್ರ ಬರಲಿಲ್ಲ. ಹಾವು ಅಲುಗಲಿಲ್ಲ.

"ಕತ್ಲಾಗೋಗಂಟ ದಡದಲ್ಲೇ ಬುಡು ಕಣ್ಲಾ," ಅಂದ ದೊಡ್ಡಬೊಮ್ಮ. "ನೀರೊಳಗೆ ಇದು ಉಸ್ರು ಬಿಗಿ ಇಡೀತದೆ. ಸತ್ತಂಗೇ ಕಾಣ್ತದೆ."

"ಬ್ಯಾರನ್ ಕಾವು ಇಳೀತಾ ಅದೆ ಬೊಮ್ಮಣ್ಣ. ಸೌಂದರ್ಯ ಒಬ್ಳೇ ಅವ್ಳೆ ಅಲ್ಲಿ. ಇದ್ರ ಪಕ್ಕ ಮಲೀಕೊಳ್ಳಾ ನಾನು?"

"ಮಲೀಕೊ. ಜೋಡಿ ಚೆಂದಾಗದೆ."

ಸೌಂದರ್ಯ ಅವನ ಹೆಂಡತಿ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಸೊಪ್ಪನ್ನು ಒಳಗೆ ತೂಗುಹಾಕಿ ಹಗಲೂ ರಾತ್ರಿ ಸೌದೆ ಒಟ್ಟಿ ಕಾವು ಕೊಡಬೇಕು. ಕಾವು ತಪ್ಪಿದರೆ ಸೊಪ್ಪು ಕಪ್ಪಾಗುತ್ತೆ. ಅದಕ್ಕೇ ಅವನಿಗೆ ಅವಸರ. ಹಾವಿನ ಮೂಗಿಗೆ ಫೋನಿನ ಗಾಜು ಹಿಡಿದ. ಆವಿ ಕಟ್ಟಲಿಲ್ಲ. ತಲೆಯ ಫೋಟೊ ತೆಗೆದುಕೊಂಡ. ಕುತ್ತಿಗೆಯ ಹಿಂದಿನ ತೇಪೆ ಸೀಳಿದ ಗೊರಸಿನ ಹಾಗಿತ್ತು. ಆಲದ ಕೆಳಗೆ ಗುಂಡಿ ತೆಗೆದು, ಹಾವನ್ನು ಉದ್ದಕ್ಕೆ ಮಲಗಿಸಿ ಮುಚ್ಚಿದ. ಮೇಲೆ ಮೂರು ಕಲ್ಲಿಟ್ಟು ಬ್ಯಾರನ್ನಿಗೆ ಓಡಿದ.

ಈಗ ರಾತ್ರಿಗೆ ಬರುತ್ತೇನೆ. ಬ್ಯಾರನ್ನಿಗೆ ಸೌದೆ ಒಟ್ಟಿ ಅವನು ಮನೆಗೆ ಬರುತ್ತಿದ್ದದ್ದು. ಕಪ್ಪೆಗಳು ಸುಮ್ಮನಾದ ಮೇಲೆ ನೀರಿನ ಕಡೆಯಿಂದ ಉಸಿರು ಕೇಳಿತು. ಸ್ಸ್ಸೂ... ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತ್ತೆ... ಸ್ಸ್ಸೂ... ಕುಲುಮೆಯ ತಿದಿಯಿಂದ ನಿಧಾನಕ್ಕೆ ಗಾಳಿ ಬಿಟ್ಟ ಹಾಗೆ.

ಟಾರ್ಚ್ ಬಿಟ್ಟ. ಮೊದಲು ಎರಡು ಮೂಗಿನ ಹೊಳ್ಳೆ. ಆಮೇಲೆ ತಲೆ. ಆಮೇಲೆ ಕುತ್ತಿಗೆ ಮೇಲೆದ್ದಿತು. ಸೀಳಿದ ಗೊರಸು. ನೀಲಿ ದಾರ.

ಫೋನು ತೆಗೆದು ಫೋಟೊ ನೋಡಿದ. ಹಾವನ್ನು ನೋಡಿದ. ಅದೇ.

ಹಾಗಾದರೆ ಅದು ಸತ್ತಿರಲಿಲ್ಲ, ಹೇಗೋ ಎದ್ದು ಬಂದಿದೆ ಅಂತ ಒಂದು ಕ್ಷಣ ಅವನಿಗೆ ಸಮಾಧಾನವೇ ಆಯಿತಂತೆ. ಟಾರ್ಚನ್ನು ಗುಂಡಿಯ ಕಡೆ ತಿರುಗಿಸಿದ. ಮೂರು ಕಲ್ಲೂ ಇಟ್ಟಲ್ಲೇ ಇದ್ದವು... ಒಂದು ಹೆಂಟೆಯೂ ಕದಲಿರಲಿಲ್ಲ.

ಅವನು ನೇರ ಬಂದು ನನ್ನ ಕಿಟಕಿ ತಟ್ಟಿದ. ಟಕ್, ಟಕ್. ಎರಡೇ ಸಲ.

"ಗುದ್ಲಿ ತಕೊ. ಸದ್ದು ಮಾಡ್ಬ್ಯಾಡ."

"ಏನ್ಲಾ ಆಯ್ತು?"

"ಜೀವ ಇರೋದ್ನ ಊತ್ಬುಟ್ನಾ ಅಂತ ನೋಡ್ಬೇಕು ಕಣೋ."

ಅಗೆದವನು ನಾನು. ಅವನು ಟಾರ್ಚ್ ಹಿಡಿದುಕೊಂಡಿದ್ದ. ಮಳೆ ಬಂದು ಒಂಬತ್ತು ದಿನವಾಗಿತ್ತು. ತಳದವರೆಗೂ ಮಣ್ಣು ಒಣಗಿತ್ತು, ಕೈಯಲ್ಲಿ ಪುಡಿಯಾಗುತ್ತಿತ್ತು.

ಹಾವು ಅಲ್ಲೇ ಇತ್ತು.

ಆದರೆ ಉದ್ದಕ್ಕೆ ಇರಲಿಲ್ಲ. ಬಿಗಿಯಾಗಿ ಸುರುಳಿ ಸುತ್ತಿ, ತಲೆಯನ್ನು ಮೇಲಕ್ಕೆತ್ತಿ ಮೇಲಿನ ಮಣ್ಣಿಗೆ ಒತ್ತಿಕೊಂಡಿತ್ತು. ಸತ್ತ ಹಾವು ಸುರುಳಿ ಸುತ್ತುವುದಿಲ್ಲ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಈ ಸಲ ಅದನ್ನು ದಡದ ಮೇಲಿಟ್ಟು ಬೆಳಗಾಗುವವರೆಗೆ ಕಾದೆವು. ಅಲುಗಲಿಲ್ಲ.

ಅವನು ಈಗ ಯಾರ ಫೋಟೊಗೂ ಉತ್ತರ ಕೊಡುವುದಿಲ್ಲ. ಹೆದರಿಕೆಗೆ ಏನೋ ಕಂಡಿರಬೇಕು ಅನ್ನುತ್ತಾರೆ ಜನ. ಅವನು ನೀರಿನಲ್ಲಿ ಕಂಡದ್ದಕ್ಕೆ ನಾನು ಸಾಕ್ಷಿಯಲ್ಲ. ಗುಂಡಿಯಲ್ಲಿ ಇದ್ದದ್ದಕ್ಕೆ ಮಾತ್ರ ಸಾಕ್ಷಿ, ಅದು ಯಾರು ಏನೇ ಅಂದರೂ ನಡೆದದ್ದು. ಆ ಒಣಮಣ್ಣಿನೊಳಗೆ ಹಾವಿನ ಮೈ ತೊಯ್ದು ತೊಟ್ಟಿಕ್ಕುತ್ತಿತ್ತು. ಸುರುಳಿಯ ನಡುವೆ ಹಸಿ ಪಾಚಿ, ಪಾಚಿಯಲ್ಲಿ ಬೆರಳುದ್ದದ ಒಂದು ಮೀನು. ಬಾಯಿ ತೆರೆದು ಮುಚ್ಚುತ್ತಿತ್ತು... ನಾನೇ ಅದನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಕೆರೆಗೆ ಬಿಟ್ಟೆ. ಈಜಿಕೊಂಡು ಹೋಯಿತು.