ಕೆಳಗಿಳಿದ ಚಕ್ರ

ಶಿಜುಓಕಾದ ಮಾದರಿ ವಿಮಾನಗಳ ಸ್ಪರ್ಧೆಗೆ ಹೆಸರು ಕೊಡುವ ಸಾಲಿನಲ್ಲಿ, ತಾನೂ ಒಂದು ಮಾದರಿ ಹಿಡಿದು ಬಂದಿದ್ದ ಮಿನೆಕೊಳ ಮುಂದೆ ನಿಂತಿದ್ದ ಇಬ್ಬರು ಮುದಿ ಅಣ್ಣತಮ್ಮಂದಿರು ತಮ್ಮ ಡಬ್ಬಿಯೊಳಗೆ ಇಣುಕುತ್ತಿದ್ದರು.

“ವಿಮಾನದ ಮೂತಿ ಉದ್ದ ಮಾಡಿದೀಯೇನೋ?”

“ಹ್ಞೂಂ ಅಣ್ಣ. ಕಂಪನಿಯವರು ಮಾಡಿದ್ದೇ ನೂರು ಕಿಟ್, ನೂರಕ್ಕೂ ಮೂತಿ ಮೊಂಡು. ಕತ್ತರಿಸಿ, ಪುಟ್ಟಿ ತುಂಬಿ ತೀಡಿದೆ.”

“ಅದನ್ನ ಸರಿಮಾಡಿ ಇದನ್ನ ಕೆಡಿಸಿದೀಯ. ಇಳೀತಿರೋ ಹಾಗೆ ಕೂರಿಸಿ, ಚಕ್ರ ಕೆಳಗಿಟ್ಟಿದೀಯಲ್ಲ?”

“ಇರಲಿ ಬಿಡು.”

“ಆ ನಿಜವಾದ ವಿಮಾನ ಹಾರಿದ್ದೇ ಒಂದು ಸಲ. ಮೇಲೆತ್ತಿದ ಚಕ್ರ ಮತ್ತೆ ಕೆಳಗೆ ಬರಲೇ ಇಲ್ಲ. ತೀರ್ಪುಗಾರರಿಗೆ ಗೊತ್ತಿರಲ್ವಾ?”

“ನಂಗೂ ಗೊತ್ತು. ಒಳಗಿದ್ದಿದ್ದು ಅಪ್ಪ ತಾನೇ.”

ಸಾಲು ಮುಂದೆ ಸರಿಯಿತು. ಅಣ್ಣ ಸರಿಯಲಿಲ್ಲ, ಕನ್ನಡಕ ಏರಿಸಿಕೊಂಡು ಮತ್ತೆ ಬಗ್ಗಿ ನೋಡಿದ.

“ಬಲಗಡೆ ಚಕ್ರ ಸೊಟ್ಟಗಿದೆ ಕಣೋ. ಹೀಗೇ ಇಳಿದ್ರೆ ಮಗುಚುತ್ತೆ. ಗೋಂದು ತಂದಿದೀಯಾ?”

ಇಬ್ಬರೂ ಸಾಲು ಬಿಟ್ಟು ಕಿಟಕಿಯ ಬೆಳಕಿನತ್ತ ನಡೆದರು.