ಆರಿಸಬಾರದ ಜೀಪು

ಕನಕಗಿರಿಯ ಬಂಕಿನಲ್ಲಿ ಡೀಸೆಲ್ಲಿಗೆಂದು ಖಾಲಿ ಕ್ಯಾನು ಹಿಡಿದು ನಿಂತಿದ್ದ ಶಿವಲಿಂಗಮ್ಮನ ಮುಂದೆ ಜೀಪೊಂದು ಗುರುಗುಟ್ಟುತ್ತಿತ್ತು. ಸ್ಟೇರಿಂಗಿನ ಪಕ್ಕ ಬಿಗಿದಿದ್ದ ಕಂಪ್ಯೂಟರಿನ ಪರದೆಯಲ್ಲಿ ಕೆಂಪು ಗೆರೆಯೊಂದು ಗುಡ್ಡದೊಳಗೆ ಸುತ್ತಿ ಸುತ್ತಿ ಹೋಗಿತ್ತು.

"ಗಾಡಿ ಬಂದ್ ಮಾಡ್ರಿ. ಚಾಲೂ ಇದ್ರ ಹಾಕಂಗಿಲ್ಲ," ಎಂದ ಬಂಕಿನವನು.

"ಗಾಡಿ ನಿಂತ್ರ ಕಂಪ್ಯೂಟರ್ ಆರತೈತ್ರಿ," ಎಂದ ಸ್ಟೇರಿಂಗ್ ಹಿಡಿದಿದ್ದ ಗೌರೀಶ. "ಇದನ್ನ ಪರೀಕ್ಷಾ ಮಾಡಾಕಂತ ನಮ್ಮಣ್ಣ ಕಳಕೇಶನ ಜೋಡಿ ಗುಡ್ಡಕ್ಕ ಹೋಗಿದ್ದೆ. ಅಂವ ಕಲ್ಲಿನ ಸಂದ್ಯಾಗ ಬಿದ್ದಾನ. ಹೊಳ್ಳಿ ಅವನ ಕಡೆ ಹೋಗೋ ಹಾದಿ ಇದರಾಗಷ್ಟ ಐತಿ."

"ಗುರುತು ಏನೂ ಇಲ್ಲೇನು?" ಎಂದ ಬಂಕಿನವನು.

"ಎಲ್ಲಾ ಕಲ್ಲೂ ಒಂದ ಥರಾ ಅದಾವ್ರಿ."

"ಮತ್ತ ಚಾಲೂ ಮಾಡಿದ್ರ ಹಾದಿ ಬರತೈತಲ್ಲ?"

"ಗೊತ್ತಿಲ್ರಿ. ಇದನ್ನ ಗಾಡಿಗೆ ಕೂಡ್ರಿಸಿದಾಂವ ಅಣ್ಣನೇ. ಗೊತ್ತಿದ್ದಾಂವ ಅಲ್ಲೇ ಬಿದ್ದಾನ."

"ತಮ್ಮಾ, ಗಾಡಿ ರಸ್ತಾಕ್ಕ ತಗೋ," ಎನ್ನುತ್ತ ಶಿವಲಿಂಗಮ್ಮ ಕ್ಯಾನು ಚಾಚಿದಳು. "ಇದರಾಗ ಒಯ್ದು ಹಾಕ್ರಿ."

ಹಿಂದಿನ ಸೀಟಿನಲ್ಲಿ ಹಗ್ಗದ ಸುರುಳಿ ಹಿಡಿದು ಕೂತಿದ್ದ ಗೌರೀಶನ ಗೆಳೆಯ ರಫೀ ಇಳಿದು, ಕ್ಯಾನು ತುಂಬಿಸಿಕೊಂಡು ರಸ್ತೆಗೆ ಹೋಗಿದ್ದ ಜೀಪಿನತ್ತ ಓಡಿದ. ಅವನು ಮುಟ್ಟುವ ಮೊದಲೇ ಜೀಪು ಎರಡು ಸಲ ಕೆಮ್ಮಿ ನಿಂತಿತು. ಪರದೆ ಕಪ್ಪಾಯಿತು.

ಡೀಸೆಲ್ ಸುರಿದು ಮತ್ತೆ ಚಾಲೂ ಮಾಡಿದರು. ಪರದೆಯಲ್ಲಿ ಗುಡ್ಡ ಬಂತು, ಗೆರೆ ಬರಲಿಲ್ಲ.

"ಈಗ ಹೆಂಗೋ?" ಎಂದ ರಫೀ.

"ಗಾಡಿ ಹತ್ತು. ಅಣ್ಣನ ಹೆಸರು ಹಿಡಿದು ಕೂಗ್ಕೋಂತ ಹೋಗೂನು," ಎಂದ ಗೌರೀಶ.

ಜೀಪು ತಿರುಗಿತು. ಅದಿನ್ನೂ ಊರು ದಾಟಿರಲಿಲ್ಲ, ರಫೀ ಆಗಲೇ ಕೂಗುತ್ತಿದ್ದದ್ದು ಶಿವಲಿಂಗಮ್ಮನಿಗೆ ಕೇಳಿಸಿತು.